ಕುಪ್ಪಳಿ ಕವಿಮನೆ ಬಗ್ಗೆ ನಾನು ಹಾಕಿದ್ದ ಮೆಸೇಜ್ ತಪ್ಪು

ಕುಪ್ಪಳಿ ಕವಿಮನೆ ಫೋಟೋ ಜೊತೆ "ಕುವೆಂಪು ಹುಟ್ಟಿದ ಮನೆ ಇದೇ" ಅಂತ ಹೋದ ವಾರ ನಾನೇ ಗ್ರೂಪಲ್ಲಿ ಹಾಕಿದ್ದೆ, ಅದು ಈಗ ಎಲ್ಲೆಲ್ಲೋ ಸುತ್ತಿ ವಾಪಸ್ ನನಗೇ ಬರ್ತಿದೆ. ಅದು ತಪ್ಪು ಕಣ್ರಪ್ಪಾ. ಅವರು ಹುಟ್ಟಿದ್ದು 1904ರ ಡಿಸೆಂಬರ್ 29ಕ್ಕೆ, ತಾಯಿ ಸೀತಮ್ಮನವರ ತವರು ಹಿರೇಕೊಡಿಗೆಯಲ್ಲಿ, ಅದು ಚಿಕ್ಕಮಗಳೂರು ಜಿಲ್ಲೆ ಕೊಪ್ಪ ತಾಲೂಕು. ಇದನ್ನ ಕುವೆಂಪು ಅವರೇ ಆತ್ಮಕಥೆಯಲ್ಲಿ ಬರ್ಕೊಂಡಿದಾರೆ, ನಾನು ತೆಗೆದು ನೋಡ್ಬೇಕಿತ್ತು, ನೋಡ್ಲಿಲ್ಲ. ತೀರ್ಥಹಳ್ಳಿ ತಾಲೂಕಿನ ಕುಪ್ಪಳಿ ಅಪ್ಪನ ಮನೆ, ಬೆಳೆದದ್ದು ಅಲ್ಲಿ.

ಇನ್ನೊಂದು, "ಹಳೇ ಮನೆ ಹಂಗೇ ಇದೆ, ಏನೂ ಮುಟ್ಟಿಲ್ಲ" ಅಂತಾನೂ ಬರೆದಿದ್ದೆ. ಅದೂ ಸರಿಯಲ್ಲ. ಶಿಥಿಲವಾಗಿದ್ದ ಮನೆಯನ್ನ ಕುವೆಂಪು ಪ್ರತಿಷ್ಠಾನದವರು ಹಳೇ ರೂಪದಲ್ಲೇ ಮತ್ತೆ ಎತ್ತಿ ನಿಲ್ಲಿಸಿ ಮ್ಯೂಸಿಯಂ ಮಾಡಿದ್ದು. ಆದ್ರೂ ಆ ಮರದ ಕಂಬ, ನಡುವಿನ ಅಂಗಳ, ಉಪ್ಪರಿಗೆ, ಮಲೆನಾಡಿನ ಹಳೇ ಅಡುಗೆ ಸಾಮಾನು ನೋಡ್ತಾ ನಿಂತ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ, ಮಳೆಗಾಲದಲ್ಲಂತೂ ಕೇಳೋದೇ ಬೇಡ. ಹಂಗೇ ಮೇಲೆ ಕವಿಶೈಲಕ್ಕೂ ಹೋಗಿ, ಅವರ ಸಮಾಧಿ ಇರೋದು ಅಲ್ಲೇ.

ಹಳೇ ಮೆಸೇಜ್ ಇನ್ನು ಫಾರ್ವರ್ಡ್ ಮಾಡ್ಬೇಡಿ ಪ್ಲೀಸ್, ಕಳಿಸಿದ್ರೆ ಡಿಲೀಟ್ ಮಾಡಿ ಇದನ್ನ ಹಾಕಿ.