ಜೀಪಿನ ಬ್ಯಾಟರಿಯಲ್ಲಿ ರಾಮಾಯಣ

ನಾನು ಕಲಿತ ಮೊದಲ ಹಿಂದಿ ವಾಕ್ಯ ‘ರುಕಾವಟ್ ಕೆ ಲಿಯೇ ಖೇದ್ ಹೈ’. ಪ್ರಸಾರ ಕೈಕೊಟ್ಟಾಗಲೆಲ್ಲ ದೂರದರ್ಶನದವರು ಪರದೆಗೆ ಈ ಫಲಕ ತೂಗುಹಾಕಿ, ಅಡಚಣೆಗೆ ವಿಷಾದಿಸುತ್ತಿದ್ದರು. ಕೊಡಗಿನ ಮಟ್ಟಿಗೆ ಅವರು ಅಷ್ಟು ಸಂಕೋಚಪಡಬೇಕಾಗಿರಲಿಲ್ಲ. ನಮ್ಮಲ್ಲಿ ಗುಡ್ಡಗಳಿದ್ದವು, ಮಳೆಯಿತ್ತು, ವಿದ್ಯುತ್ ತಂತಿಯ ಮೇಲೆ ಬೀಳಲೆಂದೇ ಕಾದು ನಿಂತ ಮರಗಳಿದ್ದವು. ಇವು ಯಾವುವೂ ಒಂದು ದಿನವೂ ವಿಷಾದ ಸೂಚಿಸಿದ್ದಿಲ್ಲ.

ಅಪ್ಪ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದರು. ಸಾಹಿತಿ ಎಂದುಕೊಳ್ಳಬೇಡಿ, ಆಳುಗಳ ಹಾಜರಿ, ಗೊಬ್ಬರದ ಮೂಟೆ, ಕೊಯ್ಲಿನ ತೂಕ ಬರೆದಿಡುವ ಕೆಲಸ. ನಮ್ಮ ಮನೆಯಲ್ಲಿ ಟಿವಿ ಇರಲಿಲ್ಲ. ಇದ್ದದ್ದು ಪಕ್ಕದ ತೋಟದ ನಿವೃತ್ತ ಕರ್ನಲ್ ಒಬ್ಬರ ಬಂಗಲೆಯಲ್ಲಿ. ಹದಿನಾಲ್ಕು ಇಂಚಿನ ಕಪ್ಪು ಬಿಳುಪು ಪೆಟ್ಟಿಗೆ. ಅದರ ಆಂಟೆನಾ ಸಿಲ್ವರ್ ಓಕ್ ಮರಕ್ಕೆ ಕಟ್ಟಿದ ಬಿದಿರಿನ ತುದಿಯಲ್ಲಿ. ಗಾಳಿಗೆ ಅದು ತಿರುಗಿತೆಂದರೆ ಒಬ್ಬ ಮರದ ಬುಡಕ್ಕೆ ಓಡಬೇಕು, ಒಬ್ಬ ಕಿಟಕಿಯಲ್ಲಿ ನಿಂತು ಕೂಗಬೇಕು. ‘ಬಂತೇ?’ ‘ಬಂತು!’ ‘ಬಿಡಲೇ?’ ‘ಅಯ್ಯೋ, ಹೋಯಿತು!’ ಮರದ ಬುಡಕ್ಕೆ ಓಡುವವನು ಸದಾ ನಾನೇ. ಒಳಗೆ ಬರುವಷ್ಟರಲ್ಲಿ ಕಾಲಿಗೆ ನಾಲ್ಕಾದರೂ ಜಿಗಣೆ ಹತ್ತಿರುತ್ತಿದ್ದವು, ಕಥೆ ಎಲ್ಲಿಗೋ ಹೋಗಿರುತ್ತಿತ್ತು. ಪರದೆಯ ತುಂಬ ಚುಕ್ಕಿಗಳು ಬಂದು ಸೊರ್ ಎಂದಾಗ ಶಬ್ದ ಟಿವಿಯದೋ ಹೊರಗಿನ ಮಳೆಯದೋ ತಿಳಿಯುತ್ತಿರಲಿಲ್ಲ.

1987ರ ಜನವರಿ 25ರಂದು ರಮಾನಂದ ಸಾಗರರ ರಾಮಾಯಣ ಆರಂಭವಾದಾಗ ನಮ್ಮಲ್ಲಿ ಕಾಫಿ ಕೊಯ್ಲಿನ ಭರಾಟೆ. ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಕಣದಲ್ಲಿ ಕಾಫಿ ಹರವುತ್ತಿದ್ದವರು ಕೈಕಾಲು ತೊಳೆದು ಬಂದು ಬಂಗಲೆಯ ಜಗಲಿಯಲ್ಲಿ ಕೂರುತ್ತಿದ್ದರು. ಲೈನ್‌ಮನೆಗಳ ಅಜ್ಜಿಯರು ಪರದೆಗೆ ಕೈಮುಗಿಯುತ್ತಿದ್ದರು. ತೊಡಕೊಂದೇ: ರಾಮನಿಂದ ಹಿಡಿದು ಮಂಥರೆಯವರೆಗೆ ಎಲ್ಲರೂ ಹಿಂದಿ. ನೆರೆದವರಲ್ಲಿ ಹಿಂದಿ ಬಲ್ಲವರು ಕರ್ನಲ್ ಅಂಕಲ್ ಒಬ್ಬರೇ. ಅವರದು ಪಟಾಲಮ್ಮಿನಲ್ಲಿ ಕಲಿತ ಹಿಂದಿ. ಹೀಗಾಗಿ ನಮ್ಮ ಪಾಲಿಗೆ ಬಂದದ್ದು ವಾಲ್ಮೀಕಿಯದೂ ಅಲ್ಲದ, ಸಾಗರರದೂ ಅಲ್ಲದ ಮೂರನೆಯ ರಾಮಾಯಣ. ‘ರಾಮ ಏನು ಹೇಳಿದ ಅಂಕಲ್?’ ಎಂದರೆ ‘ಬೆಳಿಗ್ಗೆ ಹೊರಡಬೇಕು ಎಂದು ಆರ್ಡರ್ ಕೊಟ್ಟ’ ಎನ್ನುತ್ತಿದ್ದರು. ಸೇತುವೆ ಕಟ್ಟುವಾಗ ನಳನಿಗೆ ಇಂಜಿನಿಯರ್ ರೆಜಿಮೆಂಟಿನ ಗೌರವ ಸಂದಿತು. ವಾನರ ಸೇನೆಯ ಬಗ್ಗೆ ಮಾತ್ರ ಅವರಿಗೆ ಕೊನೆಯವರೆಗೂ ಅಸಮಾಧಾನ. ‘ಇಷ್ಟು ಜನಕ್ಕೆ ರೇಷನ್ ಎಲ್ಲಿಂದ? ಯಾರೂ ಯೋಚಿಸಿಯೇ ಇಲ್ಲ’ ಎಂದು ಹೆಂಡತಿಯ ಕಡೆ ತಿರುಗಿ ಗೊಣಗುತ್ತಿದ್ದರು.

ರಮೇಶ್ ಭಟ್ಟರ ‘ಕ್ರೇಜಿ ಕರ್ನಲ್’ ಬಂದಾಗ ಅದೇ ಜಗಲಿಯಲ್ಲಿ ನಮಗೆ ಧರ್ಮಸಂಕಟ. ಬೇರೆ ಜಿಲ್ಲೆಯವರು ನಿಶ್ಚಿಂತೆಯಿಂದ ನಕ್ಕಿರಬಹುದು. ಕಾರ್ಯಪ್ಪ, ತಿಮ್ಮಯ್ಯನವರ ನಾಡಿನಲ್ಲಿ, ಸಂತೆಯಲ್ಲಿ ಬದನೆಕಾಯಿ ಚೌಕಾಸಿ ಮಾಡುತ್ತಿರುವವರು ಕೂಡ ಕರ್ನಲ್ ಆಗಿರುವ ಊರಿನಲ್ಲಿ, ಕರ್ನಲ್ಲರ ಟಿವಿಯಲ್ಲಿ ಕರ್ನಲ್ಲರನ್ನು ನೋಡಿ ನಗುವುದು ಹೇಗೆ? ನಾವು ಮೊದಲು ಅಂಕಲ್ ಮೀಸೆ ನೋಡುತ್ತಿದ್ದೆವು. ಅದು ಅಲುಗಿತೆಂದರೆ ನಗಲು ಅನುಮತಿ ಸಿಕ್ಕಿದ ಹಾಗೆ. ‘ಇವನನ್ನು ಆರು ತಿಂಗಳು ನನ್ನ ಕೈಗೆ ಕೊಡಲಿ’ ಎಂದು ಅವರು ಹೇಳಿದ್ದು ಕೋಪದಿಂದಲೋ ಪ್ರೀತಿಯಿಂದಲೋ ನನಗೆ ಈಗಲೂ ಅನುಮಾನ.

ರಾಮಾಯಣದ ಕೊನೆಯ ಕಂತು 1988ರ ಜುಲೈ 31ಕ್ಕೆ. ಜುಲೈ ಕೊನೆಯ ಕೊಡಗನ್ನು ಕಂಡವರಿಗೆ ಉಳಿದದ್ದನ್ನು ಹೇಳಬೇಕಾಗಿಲ್ಲ. ನಾಲ್ಕು ದಿನದಿಂದ ಕರೆಂಟಿರಲಿಲ್ಲ. ಅಂಕಲ್ ಜೀಪಿನ ಬ್ಯಾಟರಿ ಬಿಚ್ಚಿಸಿ ತಂದು ಟಿವಿಗೆ ಜೋಡಿಸಿದರು. ಸ್ವಲ್ಪ ಹೊತ್ತು ಎಲ್ಲವೂ ಸರಿಯಿತ್ತು. ಆಮೇಲೆ ಚಿತ್ರ ನಾಲ್ಕೂ ಬದಿಯಿಂದ ಒಳಕ್ಕೆ ಕುಗ್ಗತೊಡಗಿತು. ಅಯೋಧ್ಯೆ ಅಂಗೈಯಗಲವಾಗಿ, ಬೆಂಕಿಪೆಟ್ಟಿಗೆಯಷ್ಟಾಗಿ, ಕೊನೆಗೆ ಒಂದು ಬಿಳಿ ಚುಕ್ಕಿಯಾಗಿ ಆರಿಹೋಯಿತು. ಮರುದಿನ ಜೀಪು ಸ್ಟಾರ್ಟ್ ಆಗಲಿಲ್ಲ. ಎಂಟು ಜನ ಅದನ್ನು ಇಳಿಜಾರಿಗೆ ತಳ್ಳಿದರು. ಅಂಕಲ್ ಸ್ಟಿಯರಿಂಗ್ ಹಿಡಿದು ಆಜ್ಞೆ ಕೊಡುತ್ತಿದ್ದರು.

ನೋಡದೆ ಉಳಿದದ್ದನ್ನು ತುಂಬಿಕೊಳ್ಳಲು ಶಾಲೆಯಿತ್ತು. ಮೇಲಿನ ಗುಡ್ಡದಲ್ಲಿ ಮನೆಯಿದ್ದ ಹುಡುಗನೊಬ್ಬ ನಮ್ಮ ಸಂಜಯ. ಅವನ ಮನೆಯಲ್ಲಿ ಟಿವಿ ಎಂದೂ ಕೆಡುವುದಿಲ್ಲವೆಂದು ಪ್ರತೀತಿ, ಹಬ್ಬಿಸಿದವನೂ ಅವನೇ. ಪಟ್ಟಾಭಿಷೇಕದ ವೈಭವವನ್ನು ಅವನು ಊಟದ ಬಿಡುವಿನಲ್ಲಿ ವಿಸ್ತಾರವಾಗಿ ವರ್ಣಿಸಿ, ಕಿರೀಟ ಇಟ್ಟ ಕೂಡಲೇ ಲಕ್ಷ್ಮಣ ಆಕಾಶಕ್ಕೆ ಕೋವಿ ಹಾರಿಸಿದ ಎಂದ. ನಾನು ನಂಬಿದೆ. ಹುತ್ತರಿಗೆ ಕದಿರು ಕೊಯ್ಯುವಾಗ ಕೋವಿ ಹಾರಿಸುವುದನ್ನು ಕಂಡವನಿಗೆ, ಅಷ್ಟು ದೊಡ್ಡ ಸಮಾರಂಭ ಕೋವಿಯಿಲ್ಲದೆ ಮುಗಿದರೆ ಅಲ್ಲವೇ ಆಶ್ಚರ್ಯ?

ಅಕ್ಕನ ಮಗಳಿಗೆ ಇದೆಲ್ಲ ಪುರಾಣ ಕಾಲದ ಮಾತು. ಅವಳ ‘ಹಳೆಯ ಸೀರಿಯಲ್’ ಎಂದರೆ ಈಟಿವಿಯ ‘ಸಿಲ್ಲಿ ಲಲ್ಲಿ’, ‘ಪಾಪ ಪಾಂಡು’. ನಿನ್ನೆ ಮೊನ್ನೆ ಬಂದವುಗಳನ್ನು ಹಳೆಯವು ಎಂದರೆ ನನಗೆ ವಯಸ್ಸಾದ ಹಾಗೆ ಅನ್ನಿಸುತ್ತದೆ, ಆ ಮಾತು ಬೇರೆ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಬಂದು ನಮ್ಮಲ್ಲಿ ಉಳಿದವಳು, ಅಂಗಳದಲ್ಲಿ ನೆಟ್‌ವರ್ಕ್ ಸಿಗುವ ಒಂದೇ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಮೊಬೈಲಿನಲ್ಲಿ ಅವನ್ನೇ ನೋಡುತ್ತಿದ್ದಳು. ಸಮಾಜ ಸೇವಕಿ ಲಲಿತಾಂಬ, ಡಾಕ್ಟರ್ ವಿಠಲ್ ರಾವ್ ಬಾಯಿ ತೆರೆಯುವ ಮೊದಲೇ ಇವಳು ನಗುತ್ತಿದ್ದಳು. ಪ್ರತಿ ಮಾತೂ ಬಾಯಿಪಾಠ. ನನಗೆ ಬಾಯಿಪಾಠವಾದದ್ದು ಆ ಒಂದು ಹಿಂದಿ ವಾಕ್ಯ ಮಾತ್ರ. ಅವಳು ಇಡಿಯಾಗಿ ನೋಡಿದವಳು, ನಾನು ಅರ್ಧ ನೋಡಿ ಅರ್ಧ ಕೇಳಿದವನು. ನನಗೆ ಹೆಚ್ಚು ನೆನಪಿರುವುದು ಆ ಕೇಳಿದ ಅರ್ಧವೇ.

ಆಗಲೇ ದೂರದರ್ಶನದಲ್ಲಿ ರಾಮಾಯಣದ ಮರುಪ್ರಸಾರ. ಏಪ್ರಿಲ್ ತಿಂಗಳ ಆ ರಾತ್ರಿ ಪಟ್ಟಾಭಿಷೇಕವೆಂದು ನಾನು ಊಟವನ್ನೂ ಬೇಗ ಮುಗಿಸಿ ಕುಳಿತೆ. ಹುಡುಗಿಯೂ ಮೊಬೈಲ್ ಬಿಟ್ಟು ಬಂದು ಕುಳಿತಳು. ಕಿರೀಟ ಬರುವಷ್ಟರಲ್ಲಿ ಗುಡುಗಿತು. ಕಾಫಿ ಗಿಡಗಳು ಕಾದಿದ್ದ ಹೂಮಳೆ; ಬೇಡವೆನ್ನುವ ಹಾಗೂ ಇಲ್ಲ. ಹೆಂಚಿನ ಮೇಲೆ ಹನಿ ಬಿದ್ದ ಐದೇ ನಿಮಿಷಕ್ಕೆ ಪರದೆ ನೀಲಿಯಾಗಿ ‘ಸಿಗ್ನಲ್ ಇಲ್ಲ’ ಎಂದಿತು. ಈ ಬಾರಿ ಯಾರೂ ವಿಷಾದಿಸಲೂ ಇಲ್ಲ.

‘ಛೆ! ಆಮೇಲೆ ಏನಾಗುತ್ತದೆ ಮಾವ?’ ಎಂದಳು.

‘ಲಕ್ಷ್ಮಣ ಕೋವಿ ಹಾರಿಸುತ್ತಾನೆ’ ಎಂದೆ.