ಗೋಡೆಗೆ ಇಟಾಲಿಯನ್ ಅಂಗಿ

ಪಹಣಿಯಲ್ಲಿ ಹೆಸರು ತಿದ್ದಿಸಲು ಜನವರಿಯಲ್ಲಿ ಕಲಬುರಗಿಯ ಒಂದು ಕಚೇರಿಗೆ ಹೋಗಿದ್ದೆ. ಯಾವ ಕಚೇರಿ ಅಂತ ಕೇಳಬೇಡಿ, ನನ್ನ ಅರ್ಜಿ ಇನ್ನೂ ಅಲ್ಲೇ ಇದೆ. ಒಳಗೆ ಕಾಲಿಟ್ಟರೆ ಯಾರದೋ ಮದುವೆ ಹಾಲಿಗೆ ನುಗ್ಗಿದೆನೇನೋ ಅನಿಸಿತು. ಅಷ್ಟು ವರ್ಷ ಉಪ್ಪು ಉಗುಳುತ್ತ, ಸುಣ್ಣ ಉದುರಿಸುತ್ತ ನಿಂತಿದ್ದ ಗೋಡೆಗಳೆಲ್ಲ ಬೆಳ್ಳನೆಯ ಇಟಾಲಿಯನ್ ಮಾರ್ಬಲ್! ನಡುನಡುವೆ ಬಂಗಾರದ ಗೆರೆ ಬೇರೆ.

ಬೆರಳಿನಿಂದ ತಟ್ಟಿದೆ. ಡಬ್ ಅಂದಿತು.

‘ಮಾರ್ಬಲ್ ಅಲ್ರಿ ಸರ್ರ, ಪಿವಿಸಿ ಶೀಟ್’ ಅಂದ, ಅಲ್ಲೇ ನಿಂತಿದ್ದ ಗುತ್ತಿಗೆದಾರ. ಎಂಟಡಿ ಉದ್ದ, ನಾಲ್ಕಡಿ ಅಗಲ, ದಪ್ಪ ಬರೀ 3 ಮಿಲಿಮೀಟರ್. ಗಂಡು ತೋರಿಸುವ ದಲ್ಲಾಳಿಯ ಹಾಗೆ ಗುಣಗಾನ ಶುರುಮಾಡಿದ: ‘ನೀರು ಕುಡಿಯಂಗಿಲ್ಲ. ಗೆದ್ದಲು ಹತ್ತಂಗಿಲ್ಲ. ಬೆಂಕಿ ಹಚ್ಚಿ ತಗದ್ರ ತಾನೇ ಆರತದ. ಹಸಿ ಬಟ್ಟೀಲೆ ಒರಸಿದ್ರ ಮುಗೀತು.’ ಎಲ್ಲವೂ ಖರೆಯೇ. ಉರಿದಾಗ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಬರುತ್ತದೆ ಅನ್ನುವುದನ್ನು ಮಾತ್ರ ಹೇಳಲಿಲ್ಲ. ದಲ್ಲಾಳಿಗಳು ಎಲ್ಲಿ ಎಲ್ಲಾ ಹೇಳುತ್ತಾರೆ?

‘ಹಿಂದಿನ ಗೋಡಿ ಒಣಗೇದೇನ್ರಿ?’

‘ಎಲ್ಲಿದ್ರಿ! ಛತ್ತು ಸೋರತದಲ್ಲ.’

‘ಮತ್ತ ಛತ್ತು ರಿಪೇರಿ ಮಾಡಬೇಕಿತ್ತಲ್ಲ?’

‘ಅದು ದುರಸ್ತಿ ಹೆಡ್ಡಿನಾಗ ಬರತದ್ರಿ. ಈ ರೊಕ್ಕ ಸೌಂದರ್ಯೀಕರಣದ್ದು.’ ಆಮೇಲೆ ದನಿ ತಗ್ಗಿಸಿ ಅಂದ: ‘ನೀರು ಹಿಂದಿನಿಂದ ಬರತದ, ಸಾಹೇಬ್ರು ಮುಂದಿನಿಂದ ಬರ್ತಾರ. ಚಿಂತಿ ಯಾಕ್ರಿ?’

ನಾನೇನು ಪಿವಿಸಿಯ ವೈರಿಯಲ್ಲ. ನಮ್ಮ ಮನೆಯ ಬಚ್ಚಲಿನ ಕಟ್ಟಿಗೆ ಬಾಗಿಲು ಕೊಳೆತು ಬಿದ್ದ ಜಾಗದಲ್ಲಿ ಈಗ ಪಿವಿಸಿ ಬಾಗಿಲೇ ಇದೆ, ಇವತ್ತಿಗೂ ಗಟ್ಟಿ. ಆದರೆ ಅದು ಬಾಗಿಲು ಅಂತಲೇ ಹೇಳಿಕೊಂಡು ನಿಂತಿದೆ, ಇಟಲಿಯಿಂದ ಬಂದೆ ಅನ್ನುವುದಿಲ್ಲ.

ಇದರೊಳಗೊಂದು ದೊಡ್ಡ ತಮಾಷೆ ಇದೆ. ಶುದ್ಧ ಪಿವಿಸಿಯ ತೂಕದಲ್ಲಿ ಶೇ 57ರಷ್ಟು ಕ್ಲೋರಿನ್, ಅದರ ತವರು ಉಪ್ಪು. ಉಳಿದದ್ದು ಪೆಟ್ರೋಲಿಯಂ ಕಡೆಯ ನೆಂಟಸ್ತಿಕೆ. ಅಷ್ಟರಿಂದಲೇ ಶೀಟು ಮಾಡಿದರೆ ಯಾರಿಗೂ ಗಿಟ್ಟುವುದಿಲ್ಲ. ಅದಕ್ಕೇ ಸುಣ್ಣದಕಲ್ಲಿನ ಪುಡಿ ಕಲಸುತ್ತಾರೆ. ಎಷ್ಟೋ ಮಾರ್ಬಲ್ ಶೀಟುಗಳಲ್ಲಿ ಅರ್ಧ ತೂಕ ಅದರದೇ. ನೆಲಕ್ಕೆ ಹಾಸುವ ನಮ್ಮ ಶಹಾಬಾದ್ ಫರಸಿ ಏನು? ಸುಣ್ಣದಕಲ್ಲು. ಇಟಲಿಯ ಮಾರ್ಬಲ್? ಅದೂ ಸುಣ್ಣದಕಲ್ಲೇ, ನೆಲದೊಳಗೆ ಬೆಂದು ಬಂದದ್ದು. ಅಂದಮೇಲೆ ಲೆಕ್ಕ ಹಾಕಿ: ಸುಣ್ಣದಕಲ್ಲಿನ ಗೋಡೆಗೆ, ಸುಣ್ಣದಕಲ್ಲಿನ ಪುಡಿ ತುಂಬಿದ ಪ್ಲಾಸ್ಟಿಕ್ಕು, ಅದರ ಮೇಲೆ ಸುಣ್ಣದಕಲ್ಲಿನದೇ ಫೋಟೋ. ರಾಷ್ಟ್ರಕೂಟರ ಮಳಖೇಡದ ಕೋಟೆ ನಿಂತಿರುವುದು ಇದೇ ಕಲ್ಲಿನ ಮೇಲೆ. ವಾಡಿ, ಸೇಡಂನ ಸಿಮೆಂಟ್ ಕಾರ್ಖಾನೆಗಳ ಹೊಟ್ಟೆ ತುಂಬುವುದೂ ಇದರಿಂದಲೇ. ಮಗ್ಗುಲಲ್ಲಿ ಹೆತ್ತವ್ವನನ್ನು ಇಟ್ಟುಕೊಂಡು ಅವಳ ಫೋಟೋಕ್ಕೆ ಹಾರ ಹಾಕಿದ ಹಾಗಾಯಿತು.

ಮೇ ತಿಂಗಳಲ್ಲಿ ಮತ್ತೆ ಹೋದೆ. ಹೊರಗೆ 43 ಡಿಗ್ರಿ. ಪಿವಿಸಿ ಮೆತ್ತಗಾಗಲು 80ರ ಹತ್ತಿರ ಬೇಕು, ಹಾಗಾಗಿ ಕರಗಿರಲಿಲ್ಲ. ಆದರೆ ಪಡುವಣ ಬಿಸಿಲಿಗೆ ಗೋಡೆ 30 ಡಿಗ್ರಿ ಹೆಚ್ಚು ಕಾದರೆ ಎಂಟಡಿ ಶೀಟು ಮೂರ್ನಾಲ್ಕು ಮಿಲಿಮೀಟರ್ ಹಿಗ್ಗುತ್ತದೆ. ತಿಳಿದವರು ಅದಕ್ಕೆಂದೇ ಸಂದು ಬಿಡುತ್ತಾರೆ. ಇಲ್ಲಿ ಗೋಡೆಯಿಂದ ಗೋಡೆಗೆ ಬಿಗಿದು ಹಚ್ಚಿದ್ದರು. ಹಿಗ್ಗಲು ಜಾಗವಿಲ್ಲದ ಮಾರ್ಬಲ್ಲು ಸಾಹೇಬರ ಕುರ್ಚಿಯ ಹಿಂದೆ ಬಸುರಿಯ ಹೊಟ್ಟೆಯ ಹಾಗೆ ಉಬ್ಬಿತ್ತು. ಹಸಿ ಗೋಡೆಗೆ ಸಿಲಿಕೋನ್ ಅಂಟು ಕಚ್ಚಿದ್ದರೆ ತಾನೆ! ಬಿಟ್ಟ ಸಂದಿನಿಂದ ಕಪ್ಪು ಬೂಸಲಿನ ಮುಗ್ಗು ವಾಸನೆ. ಒಂದು ಹಲ್ಲಿ ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಸ್ವಂತ ಮನೆ ಸಿಕ್ಕಿರಬೇಕು.

ಜವಾನ ಕಾಕಾ ಹಿತ್ತಲಿನಿಂದ ಏದುಸಿರು ಬಿಡುತ್ತ ಒಂದು ದೊಡ್ಡ ಫರಸಿ ಹೊತ್ತು ತಂದ. ಶೀಟು ಹಚ್ಚುವಾಗ ಗೋಡೆಯ ಬುಡದಿಂದ ಕಿತ್ತು ಒಗೆದಿದ್ದ ಹಳೆಯ ಶಹಾಬಾದ್ ಕಲ್ಲು. ಉಬ್ಬಿದ ಮಾರ್ಬಲ್ಲಿಗೆ ಅದನ್ನು ಆನಿಸಿ, ಮೊಣಕಾಲಿನಿಂದ ಒತ್ತಿ, ಬೀಳುವುದಿಲ್ಲ ಅಂತ ಖಾತ್ರಿಯಾದ ಮೇಲೆ ಕೈ ಜಾಡಿಸಿಕೊಂಡ.

‘ಕಾಕಾ, ಈ ಕೆಲಸಕ್ಕೂ ಎಸ್ಟಿಮೇಟ್ ಆಗ್ಯಾದೇನು?’

‘ಇನ್ನೂ ಇಲ್ರಿ’ ಅಂದ.