ಎಷ್ಟು ಓಡಿದೆ?

ಸೆಕೆಂಡ್ ಹ್ಯಾಂಡ್ ಬೈಕ್ ತಗೊಂಡೆ ಅಂದ ತಕ್ಷಣ ಎಲ್ಲರೂ ಕೇಳುವುದು ಇದೊಂದೇ ಪ್ರಶ್ನೆ. ಎಷ್ಟು ಓಡಿದೆ? ನಲವತ್ತೆಂಟು ಸಾವಿರ ಕಿಲೋಮೀಟರ್ ಅಂದೆ. ಆಫೀಸಿನಲ್ಲಿ ಒಬ್ಬರು ಸಾವಿನ ಮನೆಗೆ ಬಂದವರ ಹಾಗೆ ಹೆಗಲ ಮೇಲೆ ಕೈ ಇಟ್ಟರು. ನಮ್ಮ ಮಾವನವರು ಫೋನಿನಲ್ಲಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ "ಹೋಗ್ಲಿ ಬಿಡಿ, ಕಡಿಮೆಗೆ ಸಿಕ್ತಲ್ಲ" ಅಂದರು.

ಕಡಿಮೆಗೆ ಸಿಕ್ಕಿತು ಅಂತ ತಗೊಂಡಿದ್ದಲ್ಲ ಮಾರಾಯ್ರೇ. ಬರೀ ಆರು ಸಾವಿರ ಓಡಿದ ಗಾಡಿಯನ್ನು ಬಿಟ್ಟು, ಬೇಕೂ ಅಂತಲೇ ಇದನ್ನು ತಗೊಂಡೆ. ಯಾಕೆ ಅಂತ ಬರೆಯುತ್ತೇನೆ. ಉದ್ದ ಆಗುತ್ತೆ, ಬೇಜಾರಾದರೆ ಮುಂದೆ ಹೋಗಿ.

ನನಗೆ ಬೇಕಾಗಿದ್ದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್, ಹಳೆಯದು, 411 ಸಿಸಿ. 2016ರಲ್ಲಿ ಬಂದ ಗಾಡಿ. 2023ರ ಕೊನೆಗೆ 450 ಬಂತು, ಅದರ ಶಕ್ತಿ ಹೆಚ್ಚುಕಮ್ಮಿ 40 ಬಿಎಚ್‌ಪಿ. ಹಳೆಯದು 24 ಚಿಲ್ಲರೆ. ಜೋರಾಗಿ ಹೋಗುವವರಿಗೆ ಇದು ಎತ್ತಿನಗಾಡಿ. ನನಗೆ ಎಂಬತ್ತು ತೊಂಬತ್ತರಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಊರಿಗೆ ಹೋಗಿ ಬರೋಕೆ ಸಾಕು. 15 ಲೀಟರ್ ಟ್ಯಾಂಕು, ಮುಂದೆ 21 ಇಂಚಿನ ದೊಡ್ಡ ಚಕ್ರ, ಗಾಡಿಯ ಹೊಟ್ಟೆ ನೆಲದಿಂದ 220 ಎಂಎಂ ಎತ್ತರ. ನಮ್ಮ ಕಡೆಯ ರಸ್ತೆಗಳನ್ನು ನೋಡಿದವರಿಗೆ ಆ ಕೊನೆಯ ಅಂಕಿಯ ಬೆಲೆ ಗೊತ್ತು.

ಮೊದಲು ನೋಡಿದ್ದು ಬೆಂಗಳೂರಿನ ಕನಕಪುರ ರಸ್ತೆಯ ಒಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ. 2020ರ ಗಾಡಿ, 6,200 ಕಿ.ಮೀ. ಒಬ್ಬರೇ ಓನರ್. ಕವರ್ ತೆಗೆದರೆ ಮದುವಣಗಿತ್ತಿ ಹಾಗಿತ್ತು. ಎರಡು ಅಲ್ಯೂಮಿನಿಯಂ ಪೆಟ್ಟಿಗೆ, ಫಾಗ್ ಲೈಟು, ಮೊಬೈಲ್ ಹೋಲ್ಡರ್. ಓನರ್ ಒಳ್ಳೆಯ ಹುಡುಗ. ಲಡಾಖ್‌ಗೆ ಅಂತ ತಗೊಂಡೆ ಸಾರ್, ಕೋವಿಡ್ ಬಂತು, ಆಮೇಲೆ ಮಗು ಆಯ್ತು ಅಂದ. ಸುಳ್ಳು ಹೇಳುವ ಪೈಕಿ ಅಲ್ಲ.

ಆದರೆ ಸೆಲ್ಫ್ ಒತ್ತಿದರೆ ಟಿಕ್ ಟಿಕ್ ಅಂತ ಮಾತ್ರ ಅಂತು. ಬ್ಯಾಟರಿ ಸತ್ತಿತ್ತು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, ನೋಡಿ. 0520 ಅಂದರೆ 2020ರ ಐದನೇ ವಾರ ತಯಾರಾದದ್ದು. ಅದೇ ಟೈರು, ಮೇಲಿನ ಗೆರೆಗಳು ಸವೆಯದೆ ಹೊಸದರ ಹಾಗೇ ಇವೆ. ಆದರೆ ರಬ್ಬರ್ ಗಟ್ಟಿಯಾಗಿದೆ, ಉಗುರು ಒತ್ತಿದರೆ ಒಳಗೆ ಹೋಗಲ್ಲ. ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು. ಮೊಬೈಲ್ ಟಾರ್ಚ್ ಹಾಕಿ ಟ್ಯಾಂಕಿನ ಬಾಯಿಯಲ್ಲಿ ನೋಡಿದೆ. ಮೇಲ್ಭಾಗದಲ್ಲೆಲ್ಲ ಕಂದು ತುಕ್ಕು. ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಟುಕೊಂಡು ಎರಡು ಮಳೆಗಾಲ ನಿಂತಿದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೇರೆ ಇರುತ್ತೆ, ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತೆ.

ಐದು ವರ್ಷಕ್ಕೆ ಆರು ಸಾವಿರ ಅಂದರೆ ತಿಂಗಳಿಗೆ ನೂರು ಕಿಲೋಮೀಟರ್. ಅದೂ ತರಕಾರಿ ತರೋಕೆ, ಜಿಮ್ಮಿಗೆ. ಎಂಜಿನ್ ಸರಿಯಾಗಿ ಬಿಸಿ ಆಗೋದರೊಳಗೆ ಆಫ್. ಒಳಗೆ ಕಟ್ಟಿದ ನೀರಿನ ಪಸೆ ಆವಿಯಾಗಿ ಹೋಗಲ್ಲ, ಆಯಿಲಿನಲ್ಲೇ ಸೇರಿಕೊಳ್ಳುತ್ತೆ. ರಬ್ಬರ್, ಸೀಲು, ಬ್ರೇಕ್ ಆಯಿಲ್ ಇವೆಲ್ಲ ಮೀಟರ್ ನೋಡಿಕೊಂಡು ಹಳೆಯದಾಗಲ್ಲ, ಕ್ಯಾಲೆಂಡರ್ ನೋಡಿಕೊಂಡು ಹಳೆಯದಾಗುತ್ತವೆ. ಓಡಿಸಿ ನೋಡ್ತೀನಿ ಅಂದಿದ್ದಕ್ಕೆ ಹುಡುಗ "ಗೇಟಿನ ಒಳಗೇ ಎರಡು ರೌಂಡ್ ಹಾಕಿ ಸಾರ್, ಇನ್ಶೂರೆನ್ಸ್ ಮುಗಿದಿದೆ" ಅಂದ. ಬೇಡ ಬಿಡಪ್ಪಾ ಅಂದೆ. ಪೆಟ್ಟಿಗೆಗಳಿಗೆ ಬೇರೆ ಮೂವತ್ತು ಸಾವಿರ ಕೇಳುತ್ತಿದ್ದ. ಒಂದು ಮಾತು ನೆನಪಿಟ್ಟುಕೊಳ್ಳಿ, ಗಾಡಿಗೆ ಹಾಕಿದ ಒಡವೆ ನೋಡಿ ದುಡ್ಡು ಕೊಡಬೇಡಿ.

ಎರಡನೆಯದು ಒಬ್ಬ ಡೀಲರ್ ಹತ್ತಿರ. ಮೀಟರಿನಲ್ಲಿ 14,000. ಬೆಳಗ್ಗೆ ಹತ್ತಕ್ಕೆ ಬರ್ತೀನಿ, ಸ್ಟಾರ್ಟ್ ಮಾಡಬೇಡಿ ಅಂತ ಹೇಳಿಯೇ ಹೋಗಿದ್ದೆ. ಎಂಜಿನ್ ಮುಟ್ಟಿದರೆ ಬಿಸಿ. "ಜಾಗ ಬದಲಾಯಿಸೋಕೆ ಸ್ಟಾರ್ಟ್ ಮಾಡಿದ್ವಿ ಸಾರ್." ಅಲ್ಲಿಗೆ ನನ್ನ ತಲೆಯಲ್ಲಿ ಎಚ್ಚರಿಕೆಯ ಗಂಟೆ ಬಾರಿಸಿತು. ತಣ್ಣಗಿನ ಎಂಜಿನ್ ಹೇಳುವ ಸತ್ಯವನ್ನು ಬಿಸಿ ಎಂಜಿನ್ ಹೇಳಲ್ಲ. ಮೊದಲ ಸ್ಟಾರ್ಟಿನಲ್ಲಿ ಬರುವ ಕಟಕಟ, ನೀಲಿ ಹೊಗೆ ಎಲ್ಲ ಆಗಲೇ ಮುಗಿದಿರುತ್ತೆ. ಬ್ರೇಕ್ ಲಿವರಿನ ಬಣ್ಣ ಸವೆದು ಬೆಳ್ಳಿ ಆಗಿತ್ತು. ಫುಟ್‌ರೆಸ್ಟ್ ರಬ್ಬರ್ ಬೋಳು. ಹಿಂದಿನ ಡಿಸ್ಕ್ ಮೇಲೆ ಬೆರಳಾಡಿಸಿದರೆ ಅಂಚಿನಲ್ಲಿ ದಿಬ್ಬ. ಹದಿನಾಲ್ಕು ಸಾವಿರಕ್ಕೆ ಇಷ್ಟೆಲ್ಲ ಸವೆಯುತ್ತಾ? ಪರಿಚಯದ ಸರ್ವಿಸ್ ಸೆಂಟರಿಗೆ ನಂಬರ್ ಕಳಿಸಿದೆ. ಕೊನೆಯ ಸರ್ವಿಸ್‌ಗೆ ಬಂದಾಗ 31,000 ಆಗಿತ್ತಂತೆ. ಮೀಟರ್ ಹಿಂದಕ್ಕೆ ಓಡಿತ್ತು, ಪಾಪ.

ಮೂರನೆಯದು ಸಕಲೇಶಪುರದಲ್ಲಿ. 2019ರ ಗಾಡಿ, ಕೆಎ 46 ನಂಬರ್. ಓನರ್ ಹೈಸ್ಕೂಲ್ ಮೇಷ್ಟ್ರು. ಮಂಡಿ ನೋವು, ಇನ್ನು ಎರಡು ಕ್ವಿಂಟಾಲಿನ ಗಾಡಿ ಎತ್ತೋಕಾಗಲ್ಲ ಅಂತ ಮಾರಾಟಕ್ಕೆ ಇಟ್ಟಿದ್ದರು. ಫೋನಿನಲ್ಲಿ ಅವರೇ ಮೊದಲು ಹೇಳಿಬಿಟ್ಟರು. "ಜಾಸ್ತಿ ಓಡಿದೆ, ಆಮೇಲೆ ಇಲ್ಲಿವರೆಗೂ ಬಂದು ಬೈಕೋಬೇಡಿ." ಭಾನುವಾರ ಬೆಳಗಿನ ಬಸ್ಸಿಗೆ ನಾನು, ಹೆಂಡತಿ ಇಬ್ಬರೂ ಹೊರಟೆವು. ಅವಳ್ಯಾಕೆ ಅಂತ ಕೇಳಬೇಡಿ. ಡಬಲ್ಸ್ ಹೋಗೋಕೆ ತಗೊಳ್ಳುವ ಗಾಡಿಯನ್ನು ಒಬ್ಬರೇ ಓಡಿಸಿ ನೋಡಿದರೆ ಅರ್ಧ ಸೀರೆ ನೋಡಿ ಪೂರ್ತಿ ಸೀರೆಗೆ ದುಡ್ಡು ಕೊಟ್ಟ ಹಾಗೆ.

ಗಾಡಿ ಜಗಲಿಯ ಪಕ್ಕ ನಿಂತಿತ್ತು. ತೊಳೆದಿರಲಿಲ್ಲ. ಚೈನ್ ಕವರ್ ಮೇಲೆ ಕೆಂಪು ಮಣ್ಣು. ಎಂಜಿನ್ ತಣ್ಣಗಿತ್ತು. ಮೇಷ್ಟ್ರು ಒಳಗಿಂದ ಒಂದು ನೋಟ್‌ಬುಕ್ ತಂದು ಕೈಗಿಟ್ಟರು. ಇನ್ನೂರು ಪುಟದ್ದು, ಮೇಲೆ ಮಕ್ಕಳ ನೋಟ್ಸಿಗೆ ಅಂಟಿಸುವ ಲೇಬಲ್. ಹೆಸರು ಇರುವ ಜಾಗದಲ್ಲಿ ಗಾಡಿ ನಂಬರ್, ತರಗತಿ ಇರುವ ಜಾಗದಲ್ಲಿ "411". ಒಳಗೆ ಗೆರೆ ಎಳೆದು ಕಾಲಂ ಮಾಡಿದ್ದರು. ತಾರೀಖು, ಕಿ.ಮೀ., ಕೆಲಸ, ಖರ್ಚು. ಐದು ಸಾವಿರಕ್ಕೊಮ್ಮೆ ಆಯಿಲ್. ಚೈನ್ ಸ್ಪ್ರಾಕೆಟ್ ಎರಡು ಸಲ ಬದಲು. ಮಳೆಗಾಲದ ಪುಟದ ತುಂಬ "ಚೈನ್ ತೊಳೆದೆ", "ಚೈನ್ ತೊಳೆದೆ". ನಡುವೆ ಒಂದು ಕಡೆ ಕೆಂಪು ಇಂಕಿನಲ್ಲಿ, "ಹಾನುಬಾಳು ದಾರಿಯಲ್ಲಿ ಬಿದ್ದೆ. ಕೆಸರು. ಎಡಗಡೆ ಗಾರ್ಡ್ ಬಗ್ಗಿತು. ತಪ್ಪು ನನ್ನದು."

ಮಾರುವ ಗಾಡಿಯ ಲೆಕ್ಕದಲ್ಲಿ ಬಿದ್ದದ್ದನ್ನೂ ಬರೆದಿಟ್ಟ ಮನುಷ್ಯ! ಗಾರ್ಡ್ ನೋಡಿದೆ, ಬಗ್ಗಿತ್ತು. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿದೆ, ಫ್ರೇಮ್ ವೆಲ್ಡಿಂಗಿನ ಹತ್ತಿರ ಬಣ್ಣ ಬಿರಿದಿದೆಯಾ ನೋಡಿದೆ. ಸರಿ ಇತ್ತು. ಸ್ಪೋಕ್ ಕಡ್ಡಿಗಳಿಗೆ ಸ್ಪ್ಯಾನರಿನಿಂದ ಒಂದೊಂದಾಗಿ ತಟ್ಟಿದೆ. ಬಿಗಿ ಇದ್ದದ್ದು ಟಿಣ್ ಅನ್ನುತ್ತೆ, ಸಡಿಲ ಆದದ್ದು ಡಬ್ ಅನ್ನುತ್ತೆ. ಹಿಂದೆ ಎರಡು ಡಬ್. ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಕೊಳವೆ ಒಣಗಿತ್ತು, ಆಯಿಲ್ ಜಿನುಗಿರಲಿಲ್ಲ. ಡಬಲ್ ಸ್ಟ್ಯಾಂಡ್ ಹಾಕಿ, ಮೇಷ್ಟ್ರನ್ನು ಹಿಂದೆ ಒತ್ತೋಕೆ ಹೇಳಿ, ಮುಂದಿನ ಚಕ್ರ ಎತ್ತಿ ಹ್ಯಾಂಡಲನ್ನು ಮೆಲ್ಲಗೆ ಆಡಿಸಿದೆ. ನಡುವಿಗೆ ಬಂದಾಗ ಟಕ್ ಅಂತ ಒಂದು ಗುಳಿಯಲ್ಲಿ ಕೂತಿತು. ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗು, ಹೋಗಿದೆ. ಮೇಷ್ಟ್ರ ಮುಖ ನೋಡಿದೆ. "ಹೌದಾ? ನನಗೆ ಗೊತ್ತಾಗಲಿಲ್ಲವಲ್ಲ" ಅಂತ ಅವರೂ ಬಂದು ಆಡಿಸಿ ನೋಡಿದರು. ನೋಟ್‌ಬುಕ್ ಇಸಿದುಕೊಂಡು ಅದನ್ನೂ ಬರೆದರು!

ಮೊದಲು ನಾನೊಬ್ಬನೇ ಹೊರಟೆ. ಡಿಎಲ್ ಕೊಡಲು ಹೋದರೆ "ಯಜಮಾನರು ಎಲ್ಲಿ ಓಡಿ ಹೋಗ್ತಾರೆ, ನೀನಿಲ್ಲಿ ಇದ್ದೀಯಲ್ಲಮ್ಮ, ಕಾಫಿ ಕುಡಿ" ಅಂತ ಹೆಂಡತಿಯನ್ನು ಕೂರಿಸಿಕೊಂಡರು. ಬೀಳಿಸಿದರೆ ರಿಪೇರಿ ಖರ್ಚು ನನ್ನದು ಅಂತ ಬಾಯಿಬಿಟ್ಟು ಹೇಳಿ ಹೊರಟೆ. ಇದನ್ನು ಮೊದಲೇ ಮಾತಾಡಿಕೊಳ್ಳುವುದು ಇಬ್ಬರಿಗೂ ಒಳ್ಳೆಯದು. ಪೇಟೆ ದಾಟಿ ದೋಣಿಗಾಲ್‌ವರೆಗೆ ಹೋಗಿ ಬಂದೆ. ಆಮೇಲೆ ಅವಳನ್ನು ಕೂರಿಸಿಕೊಂಡು, ಬ್ಯಾಗನ್ನೂ ಕಟ್ಟಿಕೊಂಡು ಶಿರಾಡಿ ಘಾಟಿ ಇಳಿದೆ.

ಟೆಸ್ಟ್ ರೈಡ್ ಅಂದರೆ ಇದು. ಇಳಿಯುವಾಗ ಬ್ರೇಕು, ಹತ್ತುವಾಗ ಕ್ಲಚ್ಚು. ಮಂಗಳೂರು ಕಡೆಯ ಟ್ಯಾಂಕರ್ ಒಂದರ ಹಿಂದೆ ಎರಡನೇ ಗೇರಿನಲ್ಲಿ ಹತ್ತು ನಿಮಿಷ ತೆವಳಿದೆ. ಎಂಜಿನ್ ಚೆನ್ನಾಗಿ ಕಾದಿತು. ಆಮೇಲೆ ನೇರ ರಸ್ತೆ ಸಿಕ್ಕಾಗ ನಾಲ್ಕನೇ ಗೇರಿನಲ್ಲಿ ಒಮ್ಮೆಲೇ ಆಕ್ಸಿಲೇಟರ್ ಕೊಟ್ಟೆ. ಕ್ಲಚ್ ಪ್ಲೇಟ್ ಸವೆದಿದ್ದರೆ ಎಂಜಿನ್ ಕೂಗುತ್ತೆ, ಗಾಡಿ ಮುಂದೆ ಹೋಗಲ್ಲ. ಇದು ಗೊಣಗುತ್ತಾ ಎಳೆಯಿತು. ಈ ಎಂಜಿನ್ ಸ್ವಭಾವವೇ ಹಾಗೆ. ಸಿಲಿಂಡರಿನ ಅಗಲ (ಬೋರ್) 78 ಎಂಎಂ, ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ (ಸ್ಟ್ರೋಕ್) 86. ಆತುರ ಇಲ್ಲ. ಕಿರುಚಿಸದೇ ಓಡಿಸಿದರೆ ನಲವತ್ತೆಂಟು ಸಾವಿರ ಇದಕ್ಕೆ ನಡುವಯಸ್ಸು ಅಂತ ನನ್ನ ಅನಿಸಿಕೆ. ಒಂದು ತಿರುವಿನಲ್ಲಿ ನಿಲ್ಲಿಸಿ, ಆಫ್ ಮಾಡಿ, ಐದು ನಿಮಿಷ ಬಿಟ್ಟು ಮತ್ತೆ ಸೆಲ್ಫ್ ಒತ್ತಿದೆ. ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಕೆಳಗೆ ಬಗ್ಗಿ ನೋಡಿದೆ, ಆಯಿಲ್ ತೊಟ್ಟು ಇಲ್ಲ. ಹೆಂಡತಿ ಮಾತ್ರ "ರೀ, ಎಂಜಿನ್ ಚೆನ್ನಾಗಿದೆಯೋ ಏನೋ, ಸೀಟು ಹಲಗೆ" ಅಂದಳು.

ಚೌಕಾಸಿ ದೊಡ್ಡದಾಗಿ ನಡೆಯಲಿಲ್ಲ. ಮೇಷ್ಟ್ರು ಹೇಳಿದ್ದು 1,25,000. ಕೋನ್ ಸೆಟ್, ಕಡ್ಡಿ ಬಿಗಿ ಮಾಡಿಸೋದು, ಇನ್ನು ಆರು ತಿಂಗಳಿಗೆ ಬರುವ ಟೈರು ಖರ್ಚು ಕಾಗದದ ಮೇಲೆ ಬರೆದು ತೋರಿಸಿದೆ. ಒಂದು ಲಕ್ಷ ಹದಿನಾಲ್ಕು ಸಾವಿರಕ್ಕೆ ಮುಗಿಯಿತು. ಹಳೇ ಗಾಡಿ ಅಂತ ಸುಮ್ನೆ ಹತ್ತು ಸಾವಿರ ಬಿಡಿ ಅಂದಿದ್ದರೆ ಬಿಡುತ್ತಿದ್ದರೋ ಇಲ್ಲವೋ. ಲೆಕ್ಕ ತೋರಿಸಿದರೆ ಮೇಷ್ಟ್ರು ಒಪ್ಪುತ್ತಾರೆ.

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಚಾಸಿ ನಂಬರನ್ನು ಆರ್‌ಸಿ ಜೊತೆ ನೀವೇ ತಾಳೆ ನೋಡಿ. ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿದರೆ ಅಚ್ಚು ಬರುತ್ತೆ. ಲೋನ್ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿರುತ್ತೆ, ಅದನ್ನು ತೆಗೆಸೋಕೆ ಫಾರಂ 35. ಹೆಸರು ಬದಲಾಯಿಸೋಕೆ 29 ಮತ್ತು 30. ಬಾಕಿ ದಂಡ ಇದೆಯಾ ಅಂತ ನಂಬರ್ ಹಾಕಿ ನೋಡಿ. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು 14 ದಿನದೊಳಗೆ ಅರ್ಜಿ ಹಾಕಬೇಕು. ಮಾರುವವರಿಗೂ ಒಂದು ಮಾತು. ಗಾಡಿ ಕೊಟ್ಟಾಯ್ತಲ್ಲ ಅಂತ ಕೂರಬೇಡಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತವಾದರೆ ಪರಿಹಾರದ ಹೊಣೆಯೂ ಅವರದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೇಷ್ಟ್ರಿಗೆ ಇದು ಗೊತ್ತಿತ್ತು. ಫಾರಂಗಳಿಗೆಲ್ಲ ಆವತ್ತೇ ಸಹಿ ಹಾಕಿ, ಎಲ್ಲದರ ಜೆರಾಕ್ಸ್ ಇಟ್ಟುಕೊಂಡರು.

ಗಾಡಿ ಮನೆಗೆ ಬಂದು ಎರಡು ತಿಂಗಳಾಯಿತು. ಕೋನ್ ಸೆಟ್ ಹಾಕಿಸಿದೆ. ನೋಟ್‌ಬುಕ್ಕನ್ನೂ ಕೊಟ್ಟಿದ್ದಾರೆ, ಇನ್ನೂ ಅರ್ಧ ಖಾಲಿ ಇದೆ. ಆಗಾಗ ಮೇಷ್ಟ್ರ ಮೆಸೇಜ್ ಬರುತ್ತೆ. "ಮಳೆ ಶುರುವಾಯ್ತು. ಚೈನ್?" ಮಾವನವರು ಹೋದ ವಾರ ಬಂದಾಗ ಸುತ್ತ ತಿರುಗಿ ನೋಡಿ, ಮೀಟರಿಗೆ ಕಣ್ಣು ಹಾಕಿ, ಏನೂ ಹೇಳದೆ ಒಳಗೆ ಹೋದರು.

ಸೀಟು ಮಾತ್ರ ಇನ್ನೂ ಹಲಗೆಯೇ. ಹಾಸನದವರೆಗೆ ಸುಮ್ಮನಿರುತ್ತಾಳೆ, ಆಮೇಲೆ ಶುರು. ಜೆ.ಸಿ. ರೋಡಿನಲ್ಲಿ ವಿಚಾರಿಸಿದೆ, ಒಬ್ಬೊಬ್ಬರು ಒಂದೊಂದು ರೇಟು ಹೇಳುತ್ತಾರೆ. 411ಕ್ಕೆ ಹಿಂದಿನ ಸೀಟು ಮೆತ್ತಗೆ ಮಾಡಿಸಿಕೊಂಡವರು ಯಾರಾದರೂ ಇದ್ದರೆ ಎಲ್ಲಿ, ಎಷ್ಟಾಯ್ತು ಅಂತ ಹೇಳಿ. ಫೋಮ್ ಹಾಕಿಸಬೇಕಾ, ಜೆಲ್ ಹಾಕಿಸಬೇಕಾ? ದಸರೆಗೆ ಊರಿಗೆ ಹೋಗೋದರೊಳಗೆ ಆಗಬೇಕು.